ಬಿಡುವಿನ ನಂತರ ನಾಯಿಗೆ ಮತ್ತೆ ಜಾಡಿನ ತರಬೇತಿ

ಬೇಸಿಗೆಯೆಲ್ಲ ಕಟ್ಟಿ ಮೇಯಿಸಿದ ಎತ್ತನ್ನು ಮೊದಲ ದಿನವೇ ಸಂಜೆಯವರೆಗೆ ಹೂಡುವವರಿಲ್ಲ. ಕಳುವಾದ ಕುರಿಯನ್ನು, ದಾರಿ ತಪ್ಪಿದ ಮಗುವನ್ನು ಹುಡುಕಲು ನೆರವಾಗುವ ಜಾಡಿನ ನಾಯಿಗೂ ಇದೇ ನ್ಯಾಯ. ತಿಂಗಳುಗಟ್ಟಲೆ ತರಬೇತಿ ನಿಂತರೆ ಕುಂದುವುದು ಮೂಗಿಗಿಂತ ಹೆಚ್ಚಾಗಿ ಮೈಕಸುವು ಮತ್ತು ಏಕಾಗ್ರತೆ. ಒಮ್ಮೆಲೇ ಉದ್ದನೆಯ ಜಾಡಿಗೆ ಬಿಟ್ಟರೆ ನಾಯಿ ಸೋತು, ತಲೆಯೆತ್ತಿ ಅಂದಾಜಿನ ಮೇಲೆ ಓಡಲು ಕಲಿಯುತ್ತದೆ.

ನೆಲ ಮತ್ತು ವೇಳೆ: ಕಾಲಿಟ್ಟಲ್ಲಿ ಮಣ್ಣು ಕದಲಿ, ಹುಲ್ಲು ಜಜ್ಜಿ ವಾಸನೆ ಹೊರಡುತ್ತದೆ. ಹಸಿ ನೆಲ ಅದನ್ನು ಹಿಡಿದಿಡುತ್ತದೆ. ಬಿಸಿಲು, ಗಾಳಿ ಚದುರಿಸುತ್ತವೆ. ಆದ್ದರಿಂದ ನವಲಗುಂದ, ಅಣ್ಣಿಗೇರಿ ಭಾಗದ ಎರೆಹೊಲಗಳಲ್ಲಿ ಇಬ್ಬನಿ ಆರುವ ಮುನ್ನ ಆರಂಭಿಸಬೇಕು. ಬಿರುಕುಬಿಟ್ಟ ನೆಲ, ಕಾಲಿಗೆ ಮೆತ್ತುವ ಕೆಸರು, ಔಷಧ ಸಿಂಪಡಿಸಿದ ಹೊಲ ಬೇಡ.

ಕ್ರಮ: ಕಾಯಿಲೆಯಿಂದ ಎದ್ದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ಮೊದಲ ವಾರ 30–40 ಹೆಜ್ಜೆಯ ನೇರ, ಹೊಸ ಜಾಡು ಸಾಕು. ಪ್ರತಿ ಹೆಜ್ಜೆಗೂ ಆಹಾರದ ಸಣ್ಣ ತುಣುಕು ಇಡಬೇಕು. ತಪ್ಪದೆ ಮುಗಿಸುವಂತಾದ ಮೇಲೆ ಮೊದಲು ಉದ್ದ, ನಂತರ ತಿರುವು, ಕೊನೆಗೆ ಜಾಡು ಹಳೆಯದಾಗುವ ವೇಳೆ, ಹೀಗೆ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಬೇಕು. ತಪ್ಪಿದರೆ ಗದರಿಸದೆ ಹಿಂದಿನ ಹಂತಕ್ಕೆ ಮರಳತಕ್ಕದ್ದು.

ಮುಧೋಳ ನಾಯಿ ಕಣ್ಣಿನಿಂದ ಬೇಟೆ ಅಟ್ಟುವ ತಳಿ. ಅದಕ್ಕೆ ಇನ್ನಷ್ಟು ತಾಳ್ಮೆ ಅವಶ್ಯ. ಪ್ರತಿ ಪಾಠವೂ ನಾಯಿಯ ಗೆಲುವಿನಲ್ಲಿ ಮುಗಿಯಲಿ.