ಹತ್ತಿಯ ಹಿಂದೆ ಹೋದ ಕ್ರಿಯಾಪದ

ಶಿರಗುಪ್ಪಿಯ ಎರೆಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತ ಕಾಲ. ಒಂಬತ್ತನೇ ತರಗತಿಯ ಹಾಜರಿ ಕರೆಯುವಾಗ ಐದಾರು ಹೆಸರಿಗೆ ಉತ್ತರವೇ ಬರುವುದಿಲ್ಲ. 'ಹತ್ತಿ ಬಿಡಸಾಕ ಹೋಗ್ಯಾರ್ರೀ ಟೀಚರ್' ಎಂದು ಹಿಂದಿನಿಂದ ಒಂದು ದನಿ. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳ ಅಟ್ಟೆಗೆ ಕರಿಮಣ್ಣು ಹತ್ತಿ ಒಣಗಿದೆ. ಬಿಸಿಯೂಟ ಮುಗಿದು ಹೆಚ್ಚು ಹೊತ್ತಾಗಿಲ್ಲ. ಸಾಂಬಾರಿನ ವಾಸನೆ ಇನ್ನೂ ಕೋಣೆಯೊಳಗಿದೆ. ನಿದ್ದೆ ಎಳೆಯುವ ಈ ಹೊತ್ತಿಗೇ ಹಿಂದಿ ಪಿರಿಯಡ್ಡು.

ಟೀಚರು ಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ದೇವನಾಗರಿಯಲ್ಲಿ ಒಂದೇ ಸಾಲು ಬರೆದರು: 'ಮೈನೇ ಕಪಾಸ್ ಚುನೀ.' ನಾನು ಹತ್ತಿ ಬಿಡಿಸಿದೆ. ತರಗತಿ ಒಟ್ಟಾಗಿ ಓದಿತು. ಅಕ್ಷರದ ತೊಡಕು ಯಾರಿಗೂ ಇಲ್ಲ. ಆರನೇ ತರಗತಿಯಲ್ಲಿ ಶುರುವಾದ ಮೂರನೇ ಭಾಷೆಗೆ ಇದು ನಾಲ್ಕನೇ ವರ್ಷ. ಓದೆಂದರೆ ಪಾಠವನ್ನು ಗಡಗಡನೆ ಓದುತ್ತಾರೆ, ಪ್ರಶ್ನೋತ್ತರ ಕಂಠಪಾಠವಿದೆ. ಆದರೆ 'ನಿನ್ನೆ ಏನು ಮಾಡಿದಿ, ಹಿಂದಿಯೊಳಗ ಹೇಳು' ಎಂದ ಕೂಡಲೇ ಬಾಯಿ ಕಟ್ಟುತ್ತದೆ. ಭಾಷೆ ಕಲಿಯುವವರಿಗೆಲ್ಲ ಬರುವ ನಡುಹಾದಿ ಇದು. ಮೊದಲ ವರ್ಷ ದಿನಕ್ಕೊಂದು ಹೊಸ ಮಾತು ಬಂದ ಸಂತೋಷವಿರುತ್ತದೆ. ಕೊನೆಗೆ ಸಲೀಸಾಗಿ ಮಾತಾಡುವ ಸುಖವಿರುತ್ತದೆ. ನಡುವೆ ಇರುವುದು ಬರೀ ದುಡಿಮೆ. ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ, ಧಾರವಾಡದಲ್ಲಿ ಕರ್ನಾಟಕ ಶಾಖೆಯಿರುವ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ತನ್ನ ಪರೀಕ್ಷೆಗಳಲ್ಲಿ 'ಪ್ರಾಥಮಿಕ' ಮುಗಿಸಿದವರಿಗೆ 'ಮಧ್ಯಮಾ' ಎಂಬ ಮೆಟ್ಟಿಲು ಇಟ್ಟಿದೆ. ಈ ಕೋಣೆಯ ಮಕ್ಕಳು ಆ ಪರೀಕ್ಷೆ ಕಟ್ಟಿದವರಲ್ಲ, ಆದರೆ ಕೂತಿರುವುದು ಅದೇ ಮೆಟ್ಟಿಲಿನ ಮೇಲೆ.

ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಹಿಂದಿನ ದಿನ ಅವಳೂ ಹೊಲಕ್ಕೆ ಹೋಗಿದ್ದಳಂತೆ. ಹತ್ತಿಯ ಸಿಪ್ಪೆ ಗೀರಿದ ಗೆರೆಗಳು ಬೆರಳ ತುದಿಯಲ್ಲಿ ಕಾಣುತ್ತಿದ್ದವು.

'ಟೀಚರ್ರೀ, ಗಂಡಸು ಬಿಡಿಸಿದ್ರೂ ಚುನೀನ ಏನ್ರೀ?'

'ಹೌದವಾ. ನಿಮ್ಮ ಅಪ್ಪ ಬಿಡಿಸಿದ್ರೂ ಚುನೀ, ನೀ ಬಿಡಿಸಿದ್ರೂ ಚುನೀ. ಕಪಾಸ್ ಸ್ತ್ರೀಲಿಂಗ.'

'ಬಿಡಿಸಿದವ್ರು ನಾವ್ರೀ. ಕ್ರಿಯಾಪದ ಯಾಕ ಹತ್ತಿ ಹಿಂದ ಹೋಗತೈತಿ?'

ತರಗತಿ ನಕ್ಕಿತು, ಟೀಚರು ನಗಲಿಲ್ಲ. ನಾಲ್ಕು ವರ್ಷ ಹಿಂದಿ ಕಲಿತ ಮೇಲೆ ಒಂದು ಮಗು ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದೆಂದು ನನಗೆ ಅನ್ನಿಸಿತು. ಕನ್ನಡದಲ್ಲಿ ಹತ್ತಿ, ಹೊಲ, ಮಣ್ಣು ಎಲ್ಲವೂ 'ಅದು'. ಹಿಂದಿಯಲ್ಲಿ ಖೇತ್ ಗಂಡು, ಮಿಟ್ಟೀ ಹೆಣ್ಣು. ಒಂದೇ ಹೊಲದಲ್ಲಿ ಬೆಳೆದರೂ ಚನಾ ಗಂಡು, ಮಿರ್ಚ್ ಹೆಣ್ಣು. ಜೀವವಿಲ್ಲದ ವಸ್ತುಗಳಿಗೆ ಹೀಗೆ ಲಿಂಗ ಹಂಚಿದ್ದು ಸಾಲದೆಂಬಂತೆ ಮೇಲೆ 'ನೇ' ಪ್ರತ್ಯಯ ಬೇರೆ. ಮುಗಿದ ಕೆಲಸವನ್ನು ಹೇಳುವಾಗ, ಕ್ರಿಯಾಪದ ಸಕರ್ಮಕವಾಗಿದ್ದರೆ, ಕರ್ತೃವಿಗೆ 'ನೇ' ಅಂಟುತ್ತದೆ. ಅಂಟಿದೊಡನೆ ಕ್ರಿಯಾಪದ ಮಾಡಿದವರನ್ನು ಬಿಟ್ಟು ಕರ್ಮದ ಲಿಂಗ, ವಚನಗಳನ್ನು ಹಿಡಿಯುತ್ತದೆ. ಇದಕ್ಕೂ ಅಪವಾದಗಳಿವೆ: ಲಾನಾ, ಬೋಲ್ನಾ, ಭೂಲ್ನಾ. ಈ ಮೂರನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಅಪವಾದ ಬಾಯಿಗೆ ಬಂದಿದೆ, ನಿಯಮವೇ ಬಂದಿಲ್ಲ.

ಟೀಚರು ಸೀಮೆಸುಣ್ಣ ಕೆಳಗಿಟ್ಟು ಕೇಳಿದರು: 'ನಿನಗ ಮಿರ್ಚಿ ಸೇರತಾವೇನು?'

ಗಿರ್ಮಿಟ್ಟಿನ ಜತೆ ತಿನ್ನುವ ಮಿರ್ಚಿಯ ಮಾತು ಬಂದದ್ದೇ ತಡ, ಮಧ್ಯಾಹ್ನದ ನಿದ್ದೆ ಓಡಿಹೋಯಿತು. 'ಸೇರತಾವ್ರೀ!' ಎಂದು ನಾಲ್ಕೂ ಕಡೆಯಿಂದ ಕೂಗು.

'ಸೇರೋದು ಯಾರಿಗೆ?'

'ನನಗ್ರೀ.'

'ಹಂಗಾರ ನೀ ಸೇರತೇನಿ ಅನಬೇಕಿತ್ತಲ್ಲ? ಸೇರತಾವ ಅಂದಿ. ಕ್ರಿಯಾಪದ ಯಾರ ಹಿಂದ ಹೋತು?'

ಹುಡುಗಿ ಒಂದು ಗಳಿಗೆ ಸುಮ್ಮನಾದಳು. 'ಮಿರ್ಚಿ ಹಿಂದ್ರೀ' ಎಂದಳು. ಆಮೇಲೆ ತಾನೇ ಮುಂದುವರಿಸಿ, 'ಒಂದ ಇದ್ರ ಸೇರತೈತಿ, ಭಾಳ ಇದ್ರ ಸೇರತಾವ' ಎಂದು ಸೇರಿಸಿ ಕೂತಳು.

'ನೇ' ಇರುವ ವಾಕ್ಯ ಇದೇ ಅಲ್ಲ, ಒಪ್ಪುತ್ತೇನೆ. ಮೆಚ್ಚುವುದು ಬೇರೆ, ಮಾಡುವುದು ಬೇರೆ. ಆದರೆ ಕ್ರಿಯಾಪದ ಎಲ್ಲ ಸಲವೂ ಮನುಷ್ಯನ ಬೆನ್ನು ಹತ್ತಬೇಕಿಲ್ಲ ಎಂಬ ಸಂಗತಿ ತನ್ನ ಬಾಯಲ್ಲೇ ಇತ್ತೆಂದು ಆ ಹುಡುಗಿಗೆ ತಿಳಿಯಿತು. ಈ ತೊಡಕು ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ಪರಭಾಷೆ ಸ್ಪ್ಯಾನಿಷ್. ಅಲ್ಲೂ ಎರಡನೇ, ಮೂರನೇ ವರ್ಷದ ಮಕ್ಕಳು ಇದೇ ನಡುಹಾದಿಯಲ್ಲಿ ಏಗುತ್ತಾರೆ. ಹಿಂದಿಯಲ್ಲಿ ಹೆಣ್ಣಾದ ಹತ್ತಿ ಸ್ಪ್ಯಾನಿಷಿನಲ್ಲಿ ಗಂಡು. ಮಣ್ಣು ಎರಡರಲ್ಲೂ ಹೆಣ್ಣು. 'ಮೆ ಗುಸ್ತಾ' ಎಂಬ ಅವರ ಮೆಚ್ಚುಗೆಯ ವಾಕ್ಯ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಬಹಳ ಕಾಡುತ್ತದೆ, ಏಕೆಂದರೆ ಅಲ್ಲಿ ಕ್ರಿಯಾಪದ ಮೆಚ್ಚಿದವರನ್ನು ಬಿಟ್ಟು ಮೆಚ್ಚಿದ ವಸ್ತುವಿನ ಹಿಂದೆ ಹೋಗುತ್ತದೆ. ವಸ್ತು ಹಲವಾದರೆ 'ಮೆ ಗುಸ್ತಾನ್'. 'ನನಗ ಮಿರ್ಚಿ ಸೇರತಾವ' ಎನ್ನುವ ಶಿರಗುಪ್ಪಿಯ ಮಗುವಿಗೆ ಆ ಪಾಠದಲ್ಲಿ ಬೆರಗಾಗುವಂಥದ್ದೇನೂ ಇರಲಾರದು. ನಮ್ಮ ಮಕ್ಕಳು ಕನ್ನಡವೆಂಬ ದೊಡ್ಡ ಬಂಡವಾಳ ಹೊತ್ತೇ ಪರಭಾಷೆಯ ತರಗತಿಗೆ ಬರುತ್ತಾರೆ. ಅದನ್ನು ಬಿಚ್ಚಿಸುವ ಮೇಷ್ಟರು ಸಿಕ್ಕರೆ ಅವರ ಅದೃಷ್ಟ.

ಮೂಲೆಯ ಬೆಂಚಿನಲ್ಲಿ ಕೂತ ಹುಡುಗನ ಕಥೆಯೇ ಬೇರೆ. ಮನೆಯಲ್ಲಿ ದಖನಿ ಉರ್ದು. ಹಿಂದಿ ಅವನಿಗೆ ನೀರು ಕುಡಿದಷ್ಟು ಸುಲಭ ಎಂದೇ ಎಲ್ಲರ ನಂಬಿಕೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಾಲ್ಕಾರು ಭಾಷೆಗಳ ನಡುವೆ ಸಲೀಸಾಗಿ ವ್ಯಾಪಾರ ಮಾತಾಡಬಲ್ಲ. ಹುಬ್ಬಳ್ಳಿ ನಿಲ್ದಾಣದ 'ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ' ಘೋಷಣೆಯನ್ನು ಅದೇ ಧಾಟಿಯಲ್ಲಿ ಒಪ್ಪಿಸಬಲ್ಲ. ಆದರೆ ವ್ಯಾಕರಣದ ಪ್ರಶ್ನೆಯಲ್ಲಿ ಅವನ ಅಂಕ ಸೋರಿಹೋಗುತ್ತದೆ. ದಖನಿಯಲ್ಲಿ ಹೆಚ್ಚಾಗಿ ಈ 'ನೇ' ಇಲ್ಲ. 'ಮೈಂ ಖಾನಾ ಖಾಯಾ' ಎಂದರೆ ಮುಗಿಯಿತು, ಕ್ರಿಯಾಪದ ಮಾಡಿದವರ ಜತೆಗೇ ಉಳಿಯುತ್ತದೆ. ಎರಡನೇ ಬೆಂಚಿನ ಹುಡುಗಿ ಬೇಡುತ್ತಿದ್ದ ನ್ಯಾಯ ಇವನ ಮನೆಮಾತಿನಲ್ಲಿ ಶತಮಾನಗಳಿಂದ ನಡೆದುಬಂದಿದೆ. ಪರೀಕ್ಷೆಗೆ ಮಾತ್ರ ಅದು ತಪ್ಪು. ಅವನ ಮಾತನ್ನು ತಪ್ಪೆಂದು ಹೊಡೆದುಹಾಕದೆ, 'ಅದು ಮನಿ ಮಾತು, ಇದು ಪುಸ್ತಕದ ಮಾತು, ಎರಡೂ ಇರಲಿ' ಎಂದು ಟೀಚರು ಹೇಳಿದ್ದು ನನಗೆ ತುಂಬ ಹಿಡಿಸಿತು.

2025ರ ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಗೆ 100 ಅಂಕವಿತ್ತು. ಅದರಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಬಾಯಿಗೆ ಸಿಕ್ಕಿದ್ದು ಆ ಇಪ್ಪತ್ತರೊಳಗಿನ ಒಂದು ಪಾಲು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬಂದ ತ್ರಿಭಾಷಾ ಸೂತ್ರ ಇರಬೇಕೋ ಬೇಡವೋ ಎಂಬ ವಾದ ಈಗ ಮತ್ತೆ ಎದ್ದಿದೆ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಎರಡೇ ಭಾಷೆ ಸಾಕೆಂದು ಶಿಫಾರಸು ಮಾಡಿತು. ಆ ವಾದದಲ್ಲಿ ಮಗುವಿನ ಹೊರೆಯ ಬಗ್ಗೆ ಹೇಳುವ ಮಾತು ನಿಜ, ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಭಾಷೆ ಯಾವುದೇ ಇರಲಿ, ಕಲಿಸುವುದಾದರೆ ಆಡಲು ಕಲಿಸಬೇಕು. ಅಮರಗೋಳದ ಎಪಿಎಂಸಿಗೆ ಅಪ್ಪನ ಜತೆ ಹೋದ ಹುಡುಗನಿಗೆ ವ್ಯಾಪಾರಿಯ ಹಿಂದಿ ಅರ್ಥವಾಗಿ, ಎದುರು ಒಂದು ಮಾತು ಆಡಲಾಗದಿದ್ದರೆ, ಅಷ್ಟು ವರ್ಷದ ಪಿರಿಯಡ್ಡುಗಳು ಎಲ್ಲಿ ಹೋದವು?

ಈ ಟೀಚರು ವಾರಕ್ಕೊಂದು ಪಿರಿಯಡ್ಡನ್ನು ಬಾಯಿಗೆಂದೇ ತೆಗೆದಿಟ್ಟಿದ್ದಾರೆ. ಇಂದು ಅಂಥ ದಿನ. ಜೋಡಿ ಮಾಡಿದರು: ಮೂಲೆಯ ಹುಡುಗನನ್ನೂ ಎರಡನೇ ಬೆಂಚಿನ ಹುಡುಗಿಯನ್ನೂ ಎದುರುಬದುರು ನಿಲ್ಲಿಸಿದರು. ಅವನಲ್ಲಿ ಓಟವಿದೆ, ಅವಳಲ್ಲಿ ನಿಯಮವಿದೆ.

'ಕಲ್ ತೂ ಕ್ಯಾ ಕರೀ?' ಎಂದು ಅವನು ಮನೆಯ ಧಾಟಿಯಲ್ಲೇ ಕೇಳಿಬಿಟ್ಟ.

'ತೂನೇ ಕ್ಯಾ ಕಿಯಾ' ಎಂದು ಅವಳು ತಿದ್ದಿದಳು. ಆಮೇಲೆ ಬೆರಳಿನಿಂದ ಬೆಂಚಿನ ಅಂಚು ಒತ್ತುತ್ತ, ಒಂದೊಂದೇ ಪದ ಜೋಡಿಸುತ್ತ ಹೇಳಿದಳು: 'ಮೈನೇ... ದೋ ಬೋರೀ... ಕಪಾಸ್ ಚುನೀ.'

'ಝೂಟ್! ಒಬ್ಬಾಕಿ ಎರಡ ಚೀಲ?'

ತರಗತಿ ಹೋ ಎಂದಿತು. ಹುಡುಗಿಗೆ ಸಿಟ್ಟು ಬಂತು. ಪುಸ್ತಕವನ್ನೂ ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. 'ಝೂಠ್ ನಹೀಂ ಹೈ! ಮಾಂ ಭೀ ಥೀ, ದೀದೀ ಭೀ ಥೀ. ತೂ ಕಹಾಂ ಥಾ?'

ಪ್ರತಿ ಕ್ರಿಯಾಪದವೂ ತನ್ನ ಜಾಗದಲ್ಲಿತ್ತು.