ರೋಗಿಯೇ ಬರೆದಿಟ್ಟ ಲೆಕ್ಕ: ಸಂಧಿವಾತದ ಚಿಕಿತ್ಸೆಯಲ್ಲಿ ಅದರ ಉಪಯೋಗ

ರುಮಟಾಯ್ಡ್ ಸಂಧಿವಾತವು ಕೀಲುಗಳ ಒಳಪೊರೆಯಲ್ಲಿ ಉರಿಯೂತವನ್ನುಂಟುಮಾಡಿ, ತಕ್ಕ ಚಿಕಿತ್ಸೆ ದೊರೆಯದಿದ್ದಲ್ಲಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುವ ದೀರ್ಘಕಾಲದ ವ್ಯಾಧಿ. ಅದು ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಕೆಲವು ವಾರ ಶಮನಗೊಂಡು ಮತ್ತೆ ಉಲ್ಬಣಿಸುತ್ತದೆ. ವೈದ್ಯರಾದರೋ ರೋಗಿಯನ್ನು ಕಾಣುವುದು ಕೆಲವು ತಿಂಗಳಿಗೊಮ್ಮೆ, ಕೆಲವೇ ನಿಮಿಷ. ನಡುವಣ ದಿನಗಳ ಸ್ಥಿತಿಯನ್ನು ಅವರು ತಿಳಿಯುವ ಬಗೆ ಹೇಗೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಂಥ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ತೀವ್ರವಾದುದು. ಸಂಧಿವಾತದ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲಿರುವುದರಿಂದ, ಒಂದೊಂದು ಭೇಟಿಗೂ ದಿನದ ಕೂಲಿ ಬಿಟ್ಟು ಬಸ್ಸು ಹಿಡಿಯಬೇಕಾಗುತ್ತದೆ. ಬ್ಲಫ್ ಶಿವನಸಮುದ್ರದ ಜಲವಿದ್ಯುದಾಗಾರದ ನೆರೆಯ ವಸತಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಇಲ್ಲಿಂದಲೇ. ವಿದ್ಯುದಾಗಾರಗಳಲ್ಲಿ ಯಂತ್ರದ ಅಳತೆಗಳನ್ನು ಹೊತ್ತುಹೊತ್ತಿಗೆ ಬರೆದಿಡುವವನು ಪಾಳಿಯಲ್ಲಿರುವ ಕೆಲಸಗಾರ; ಯಾರೂ ಅವನ್ನು ನೆನಪಿಗೆ ಬಿಡುವುದಿಲ್ಲ. ದೇಹದ ವಿಷಯದಲ್ಲಿ ಸದಾ ಪಾಳಿಯಲ್ಲಿರುವವನು ರೋಗಿಯೇ ಅಲ್ಲವೆ?

ಏನನ್ನು ಬರೆಯಬೇಕು? ಬೆಳಿಗ್ಗೆ ಕೀಲುಗಳ ಬಿಗಿತ ಎಷ್ಟು ನಿಮಿಷವಿತ್ತು. ಯಾವ ಕೀಲುಗಳು ಊದಿದ್ದವು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಯಾವ ಕೆಲಸ ಕೈಗೂಡಲಿಲ್ಲ. ಈ ಕೊನೆಯ ಅಂಶವನ್ನು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಚಿತವಾದ ಪ್ರಶ್ನಾವಳಿ 1980ರಲ್ಲಿ ಪ್ರಕಟವಾಯಿತು. 2002ರಲ್ಲಿ ಪ್ರಕಟವಾದ ಅದರ ಭಾರತೀಯ ರೂಪದಲ್ಲಿ ಕುಕ್ಕರಗಾಲಿನಲ್ಲಿ ಅಥವಾ ಚಕ್ಕಳಮಕ್ಕಳ ಹಾಕಿ ಕೂರಲಾಗುವುದೇ ಎಂಬ ಪ್ರಶ್ನೆಯೂ ಸೇರಿದೆ. ನಮ್ಮ ಮನೆಗಳ ಬದುಕಿಗೆ ಕುರ್ಚಿಯಿಂದ ಏಳುವುದೊಂದೇ ಅಳತೆಯಾಗದಷ್ಟೆ.

ವೈದ್ಯರು ಬಳಸುವ ಒಂದು ಸೂಚಿಯಲ್ಲಿ 28 ಕೀಲುಗಳ ನೋವು, ಊತ, ಒಂದು ರಕ್ತಪರೀಕ್ಷೆಯ ಫಲ ಇವುಗಳ ಜೊತೆಗೆ ರೋಗಿಯ ಸ್ವಂತ ಅಂದಾಜೂ ಲೆಕ್ಕಕ್ಕೆ ಬರುತ್ತದೆ. ಆದರೆ ಪಾದದ ಕೀಲುಗಳು ಅದರಲ್ಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆಯುವವರ ತೊಂದರೆ ಅವರೇ ಬರೆದಿಟ್ಟರೆ ಮಾತ್ರ ಕಾಣಿಸೀತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 20 ರೋಗಿಗಳು ಮೂರು ತಿಂಗಳ ಕಾಲ ಪ್ರತಿದಿನ ಮೊಬೈಲಿನಲ್ಲಿ ದಾಖಲಿಸಿದ ಲಕ್ಷಣಗಳು ಆಸ್ಪತ್ರೆಯ ಕಡತಕ್ಕೆ ರೇಖಾಚಿತ್ರವಾಗಿ ಸೇರಿದವು. ಭೇಟಿಯ ವೇಳೆಗೆ ಮರೆತುಹೋಗಬಹುದಾದ ಏರಿಳಿತಗಳು ಹೀಗೆ ವೈದ್ಯರ ಕಣ್ಣೆದುರಿಗೆ ಬರುತ್ತವೆ. ಮೊಬೈಲಿಲ್ಲದವರಿಗೆ ಗೆರೆಯೆಳೆದ ನೋಟುಪುಸ್ತಕವೇ ಸಾಕು.

ಔಷಧಿಯ ಲೆಕ್ಕ ಎಲ್ಲಕ್ಕಿಂತಲೂ ಮುಖ್ಯವಾದುದು. ಈ ರೋಗದಲ್ಲಿ ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ತಪ್ಪಿ ಪ್ರತಿದಿನ ಸೇವಿಸಿದರೆ ಅಸ್ಥಿಮಜ್ಜೆಯು ಕುಂದಿ ಪ್ರಾಣಕ್ಕೇ ಅಪಾಯವೊದಗಬಹುದು. ಗೊತ್ತುಪಡಿಸಿದ ವಾರದ ಎದುರಿಗೆ ಹಾಕಿದ ಒಂದು ಗುರುತು ಈ ಅನರ್ಥವನ್ನು ತಪ್ಪಿಸಬಲ್ಲುದು.

ಇದಕ್ಕೆ ಮಿತಿಗಳೂ ಉಂಟು. ನೋವು ಹೆಚ್ಚಿದ ಮಾತ್ರಕ್ಕೆ ಉರಿಯೂತವೇ ಹೆಚ್ಚಿತೆನ್ನಲಾಗದು. ನಿದ್ರಾಭಂಗ, ಅತಿದುಡಿಮೆ, ಮನಃಕ್ಲೇಶಗಳೂ ಕಾರಣವಾಗಬಹುದು. ಆದ್ದರಿಂದ ಬರಹವನ್ನು ನೋಡಿ ರೋಗಿಯೇ ಔಷಧಿಯ ಪ್ರಮಾಣವನ್ನು ಬದಲಿಸಕೂಡದು. ವೈದ್ಯಪರೀಕ್ಷೆಯೂ ರಕ್ತಪರೀಕ್ಷೆಯೂ ಅನಿವಾರ್ಯ. ಬರೆಯಲಾರದವರಿಗೆ ಮನೆಯವರು ನೆರವಾಗಬೇಕು. ಬರೆದುದನ್ನು ರೋಗಿಯ ಒಪ್ಪಿಗೆಯಿಲ್ಲದೆ ಇತರರಿಗೆ ತೋರಿಸಲಾಗದು. ಎಲ್ಲಕ್ಕೂ ಮಿಗಿಲಾಗಿ, ವೈದ್ಯರು ಅದನ್ನು ತೆರೆದು ಓದಬೇಕು. ಯಾರೂ ಓದದ ಲೆಕ್ಕವನ್ನು ರೋಗಿ ಬಹುಕಾಲ ಬರೆಯಲಾರ.