ಧಾರವಾಡದ ಪರದೆ, ಹುಬ್ಬಳ್ಳಿಯ ಕೈ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಚಿಗರಿ ಬಸ್ಸನ್ನೇರಿದರೆ ದೂರವೇನೂ ಅಲ್ಲ. ಆದರೆ ಮಾಳಮಡ್ಡಿಯ ಮನೆಯಲ್ಲಿ ತೀರ್ಥರೂಪರ ಗಣಕಯಂತ್ರ ಮುನಿಸಿಕೊಂಡಾಗಲೆಲ್ಲ ಆ ಹಾದಿಯನ್ನು ತುಳಿಯುವುದೆಂದರೆ, ಪಾಠ ಪ್ರವಚನಗಳ ನಡುವೆ ಅದೊಂದು ವ್ರತವೇ ಆಗಿಬಿಟ್ಟಿತ್ತು. ನಿವೃತ್ತ ಶಿಕ್ಷಕರಾದ ಅವರು ಹಳ್ಳಿಯ ಆಡುಮಾತಿನ ಶಬ್ದಗಳನ್ನು ಹನ್ನೊಂದು ವರ್ಷಗಳಿಂದ ಕೂಡಿಸುತ್ತ ಬಂದಿದ್ದಾರೆ. ಆ ಸಂಗ್ರಹವೆಲ್ಲ ಈಗ ಲಿನಕ್ಸ್ ವ್ಯವಸ್ಥೆಯ ಆ ಯಂತ್ರದ ಹೊಟ್ಟೆಯಲ್ಲಿದೆ. ನಾನು ಹುಬ್ಬಳ್ಳಿಯಲ್ಲಿ ಕುಳಿತೇ ಅಲ್ಲಿಯ ಪರದೆಯನ್ನು ಕಂಡು ತಿದ್ದುವಂತಿದ್ದರೆ? ಅಂಥ ತಂತ್ರಾಂಶವೊಂದನ್ನು ಹಾಕಿಕೊಡುವೆನೆಂದು ಅವರಿಗೆ ಮಾತು ಕೊಟ್ಟೆ.

ವಾರ ಕಳೆಯುವುದರೊಳಗೆ ದೂರವಾಣಿ ಬಂದಿತು. “ತಮ್ಮಾ, ಬ್ಯಾಂಕಿನಾಂವ ಅಂತ ಒಬ್ಬಾಂವ ಫೋನ್ ಮಾಡಿದ್ದ. ಯಾವುದೋ ಆ್ಯಪ್ ಹಾಕ್ಕೋರಿ, ಅದರಾಗ ಬರೋ ಅಂಕಿ ಹೇಳ್ರಿ ಅಂದ. ನಾ ಹೇಳಲಿಲ್ಲ. ನೀನೂ ಅಂಥಾದ್ನ ಹಾಕ್ತೇನಿ ಅಂದಿದ್ದೆಲ್ಲ?”

ನಾನು ನಿರುತ್ತರನಾದೆ. ಎನಿಡೆಸ್ಕ್ ತಂತ್ರಾಂಶವನ್ನು ವಂಚಕರು ಹೀಗೆಯೇ ದುರುಪಯೋಗ ಪಡಿಸಿಕೊಳ್ಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ತಪ್ಪು ತಂತ್ರಾಂಶದ್ದಲ್ಲ, ಬೀಗದಕೈಯನ್ನು ಯಾರ ಕೈಗೆ ಕೊಡುತ್ತೇವೆಂಬುದೇ ಪ್ರಶ್ನೆ. ಅಂದಿನಿಂದ ನನ್ನ ಹುಡುಕಾಟದ ದಿಕ್ಕೇ ಬೇರೆಯಾಯಿತು. ವೇಗವಾದುದು ಯಾವುದೆಂಬ ವಿಚಾರವನ್ನು ಬದಿಗಿಟ್ಟು, ತಂದೆಯವರು ಕಣ್ಣಾರೆ ಕಂಡು ಬೇಡವೆಂದಾಗ ಮುಚ್ಚಬಹುದಾದುದು ಯಾವುದೆಂದು ನೋಡತೊಡಗಿದೆ.

ಒಂದು ಯಂತ್ರದ ಕೆಲಸವನ್ನು ಇನ್ನೊಂದರಲ್ಲಿ ಕಾಣುವ ಹಂಬಲ ಹಳೆಯದು. 1984ರಲ್ಲಿ ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿತ್ತು. ಲಿನಕ್ಸ್ ಅದನ್ನು ಬಳುವಳಿಯಾಗಿ ಪಡೆಯಿತು. 1998ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧನಾಲಯವೊಂದರಿಂದ ವಿ.ಎನ್.ಸಿ. ಎಂಬುದು ಮುಕ್ತವಾಗಿ ಹೊರಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯ ಆರ್.ಡಿ.ಪಿ.ಯೂ ಬಂದಿತು. 1920ಕ್ಕೆ 1080ರ ಪರದೆಯೊಂದರಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಬಿಂದುಗಳಿರುತ್ತವೆ. ಬಿಂದುವಿಗೆ ಮೂರು ಬೈಟಿನಂತೆ ಎಣಿಸಿದರೆ ಒಂದೊಂದು ಚಿತ್ರಕ್ಕೂ ಆರು ಮೆಗಾಬೈಟು! ಆದುದರಿಂದ ಈ ತಂತ್ರಾಂಶಗಳು ಬದಲಾದ ತುಣುಕುಗಳನ್ನಷ್ಟೇ, ಅವನ್ನೂ ಅಡಕಗೊಳಿಸಿ, ಸಾಗಿಸುತ್ತವೆ.

ಮೊದಲು ವಿ.ಎನ್.ಸಿ.ಯನ್ನು ಹೂಡಿದೆ. ಎರಡು ರವಿವಾರ ಕಪ್ಪು ಪರದೆಯ ದರ್ಶನವೇ ಆಯಿತು. ಕಾರಣ ಆಮೇಲೆ ಹೊಳೆಯಿತು. ಈಚಿನ ಲಿನಕ್ಸ್‌ಗಳಲ್ಲಿ ಎಕ್ಸ್‌ನ ಸ್ಥಾನಕ್ಕೆ 2008ರಲ್ಲಿ ಆರಂಭವಾದ ವೇಲ್ಯಾಂಡ್ ಬಂದು ಕುಳಿತಿದೆ. ಎಕ್ಸ್‌ನಲ್ಲಿ ಒಂದು ತಂತ್ರಾಂಶ ಇನ್ನೊಂದರ ಕಿಟಕಿಯೊಳಗೆ ಇಣಿಕಿ ನೋಡಬಹುದಿತ್ತು. ವೇಲ್ಯಾಂಡ್ ಅದಕ್ಕೆ ತಡೆ ಹಾಕಿತು. ನನ್ನ ಕೆಲಸ ಕೆಟ್ಟಿತಾದರೂ ಆ ಕಟ್ಟುನಿಟ್ಟು ನನಗೆ ಮೆಚ್ಚಿಗೆಯಾಯಿತು.

ಹಳೆಯ ಎಕ್ಸ್‌ಗೇ ಮರಳಿ ನೋಡಿದಾಗ ಚಿತ್ರವೇನೋ ಕಂಡಿತು, ಕನ್ನಡ ಕೆಟ್ಟಿತು. ವಿ.ಎನ್.ಸಿ.ಯು ಒತ್ತಿದ ಕೀಲಿಯನ್ನಲ್ಲ, ಅದರಿಂದ ಇಲ್ಲಿ ಹುಟ್ಟಿದ ಅಕ್ಷರವನ್ನು ಕಳಿಸುತ್ತದೆ. ಅತ್ತಣ ಕಗಪ ಕೀಲಿಮಣೆಗೂ ಇದಕ್ಕೂ ಹೊಂದಾಣಿಕೆ ಕೂಡಿಬರಲಿಲ್ಲ. ಆರ್.ಡಿ.ಪಿ.ಯಾದರೋ ಕೀಲಿಯ ಸಂಖ್ಯೆಯನ್ನೇ ಒಯ್ಯುತ್ತದೆ. ಅಕ್ಷರ ಕಟ್ಟುವ ಕೆಲಸ ಧಾರವಾಡದ ಯಂತ್ರದ್ದೇ ಆಗುತ್ತದೆ. ಇಂಗ್ಲಿಷ್ ಬಲ್ಲವರು ಬರೆಯುವ ವಿಮರ್ಶೆಗಳಲ್ಲಿ ಈ ಅಂಶ ಸುಳಿಯುವುದೇ ಇಲ್ಲ. ನಮಗೋ ಇದೇ ಮುಖ್ಯ.

ಕೊನೆಗೆ ಒಲಿದುದು ಮನೆಯಲ್ಲಿಯೇ ಇದ್ದ ಮದ್ದು. 2022ರಿಂದೀಚೆಗೆ ಉಬುಂಟುವಿನ ಗ್ನೋಮ್ ಪರದೆಯೊಳಗೆ ಆರ್.ಡಿ.ಪಿ. ಹಂಚಿಕೆ ಅಡಕವಾಗಿಯೇ ಬರುತ್ತಿದೆ. ಬೇರೇನನ್ನೂ ತಂದು ಹಾಕಬೇಕಿಲ್ಲ. ವ್ಯವಸ್ಥೆಯ ಪುಟದಲ್ಲಿ ಒಂದು ಗುಂಡಿಯನ್ನು ಸರಿಸಿ ಗುಪ್ತಪದವನ್ನಿಟ್ಟರೆ ಸಾಕು. ನೋಡುವುದಕ್ಕೆ ಒಂದು ಅನುಮತಿ, ಕೈಯಾಡಿಸುವುದಕ್ಕೆ ಇನ್ನೊಂದು. ನನ್ನ ಕಡೆಗೆ ರೆಮ್ಮಿನಾ. ಪರದೆಗೆ ಬೀಗ ಬಿದ್ದೊಡನೆ ಸಂಪರ್ಕವೂ ಕಡಿದುಹೋಗುತ್ತದೆಂದು ಹಲವರು ಇದನ್ನು ಹಳಿಯುತ್ತಾರೆ. ನನಗೆ ಅದು ಗುಣವಾಗಿ ಕಂಡಿತು. ಯಜಮಾನರು ಎಚ್ಚರವಾಗಿ ಎದುರು ಕುಳಿತಿದ್ದಾಗ ಮಾತ್ರ ಒಳಗೆ ಪ್ರವೇಶ!

ಉಳಿದುದು ದಾರಿಯ ಪ್ರಶ್ನೆ. ಹಳೆಯ ವಾಡೆಯ ಹತ್ತು ಬಿಡಾರಗಳಿಗೆ ಬೀದಿಯ ಬಾಗಿಲು ಒಂದೇ ಇರುವಂತೆ, ಎಷ್ಟೋ ಮನೆಗಳ ಅಂತರ್ಜಾಲಕ್ಕೆ ಹೊರಗೆ ಒಂದೇ ವಿಳಾಸ. ಹೊರಗಿನವನು ಬಿಡಾರ ಹುಡುಕಲಾರ. ಟೀಮ್‌ವ್ಯೂವರ್, ಎನಿಡೆಸ್ಕ್ ಮೊದಲಾದವು ನಡುವೆ ತಮ್ಮ ಯಂತ್ರವನ್ನಿಟ್ಟು ಈ ತೊಡಕನ್ನು ಬಿಡಿಸುತ್ತವೆ. ರಸ್ಟ್‌ಡೆಸ್ಕ್‌ನಲ್ಲಾದರೆ ಆ ಮಧ್ಯಸ್ಥನನ್ನು ನಾವೇ ನೇಮಿಸಿಕೊಳ್ಳಬಹುದು. ಬಗೆಬಗೆಯ ಯಂತ್ರಗಳಿರುವ ಮನೆಯವರಿಗೆ ಅದನ್ನೇ ಹೇಳುವೆ. ನಾನು ನನ್ನ ಮನೆಯ ತಂತಿಗೆ ಸ್ವಂತ ವಿಳಾಸ ಕೊಂಡು, 2020ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿದ ವೈರ್‌ಗಾರ್ಡ್‌ನಿಂದ ಎರಡು ಮನೆಗಳ ನಡುವೆ ಗುಪ್ತಮಾರ್ಗ ಹಾಸಿದೆ. ಆರ್.ಡಿ.ಪಿ.ಯ ಬಾಗಿಲನ್ನು ನೇರವಾಗಿ ಬೀದಿಗೆ ತೆರೆದಿಡುವುದು ಮಾತ್ರ ಸರ್ವಥಾ ಸಲ್ಲದು.

ಮೊನ್ನೆ ಶನಿವಾರ ಸಂಜೆ ಮೊದಲ ಸಲ ಅವರ ಶಬ್ದಪಟ್ಟಿಯನ್ನು ಇಲ್ಲಿಂದಲೇ ತೆರೆದು, ಪುಟದ ಅಂಚು ಸರಿಪಡಿಸಿದೆ. ಕೆಲಸ ಮುಗಿದರೂ ಮೈಮರೆತು ಪಟ್ಟಿಯನ್ನು ಓದುತ್ತ ಕುಳಿತುಬಿಟ್ಟಿದ್ದೆ. ದೂರವಾಣಿ ಗಣಗಣಿಸಿತು.

“ತಮ್ಮಾ, ನಿನ್ನ ಬಾಣ ಸ್ವಲ್ಪ ಸರಸು. ಅದರ ಬುಡಕಿನ ಅಕ್ಷರ ಕಾಣವಲ್ದು ನನಗ.”